ಅಂಗೈಯೊಳಗಿನ ಡಂಗುರ

ಕೊಲ್ಲಾಪುರಕ್ಕೆ ಹೋಗುವ ನಮ್ಮವರು ಮಹಾಲಕ್ಷ್ಮಿಯ ದರ್ಶನ ಪಡೆದು, ರಂಕಾಳ ಕೆರೆಯ ದಂಡೆಯಲ್ಲಿ ಅಡ್ಡಾಡಿ ಮರಳುವುದು ವಾಡಿಕೆ. ಆದರೆ ಈ ಸೀಮೆಯನ್ನು ಅರಿಯಬಯಸುವವರು ಇಲ್ಲಿಯ ತರುಣರ ಕೈಯಲ್ಲಿರುವ ಮೊಬೈಲನ್ನೂ ಗಮನಿಸಬೇಕು. ಹಿಂದೆ ಊರಿಗೊಬ್ಬ ಡಂಗುರದವನಿದ್ದ. ಇಂದು ಪ್ರತಿಯೊಬ್ಬ ತರುಣನ ಅಂಗೈಯಲ್ಲೂ ಒಂದು ಡಂಗುರವಿದೆ.

ಹೊಸ ಸಾಧನವನ್ನು ಸಮಾಜಕಾರ್ಯಕ್ಕೆ ಹಚ್ಚುವುದು ಈ ಮಣ್ಣಿಗೆ ಹೊಸತಲ್ಲ. 1920ರ ಜನವರಿಯಲ್ಲಿ ಇಪ್ಪತ್ತೆಂಟರ ಹರೆಯದ ಅಂಬೇಡಕರರು ‘ಮೂಕನಾಯಕ’ ಪತ್ರಿಕೆಯನ್ನು ಹೊರಡಿಸಿದಾಗ ರಾಜರ್ಷಿ ಶಾಹು ಮಹಾರಾಜರು 2,500 ರೂಪಾಯಿಗಳ ನೆರವಿತ್ತರು. ಅದೇ ಮಾರ್ಚಿನಲ್ಲಿ ಮಾಣಗಾವದ ಪರಿಷತ್ತಿಗೆ ಅಂಬೇಡಕರರೇ ಅಧ್ಯಕ್ಷರಾದರು. ಅಚ್ಚಿನ ಮಾತು ಜನರ ನಡುವೆ ಬಂದು ನಿಂತಿತು.

ಆ ಶಾಹು ನಗರಿಯಲ್ಲೇ 2023ರ ಜೂನಿನಲ್ಲಿ ಕೆಲ ಹುಡುಗರು ಮೊಬೈಲಿನಲ್ಲಿ ಹಾಕಿದ ‘ಸ್ಟೇಟಸ್’ ಒಂದು ಗಲಭೆಗೆ ಕಾರಣವಾಯಿತು. ಕಲ್ಲುಗಳು ತೂರಿದವು, ಲಾಠಿಗಳು ಬೀಸಿದವು, ಇಂಟರ್ನೆಟ್ಟನ್ನೇ ನಿಲ್ಲಿಸಬೇಕಾಯಿತು. ಡಂಗುರಕ್ಕೆ ವಿವೇಕವಿಲ್ಲ, ಬಾರಿಸುವವನಿಗಿರಬೇಕು.

ಮಗ್ಗಗಳ ಸದ್ದಿನ ಇಚಲಕರಂಜಿಯನ್ನು ದಾಟಿದರೆ ಶಿರೋಳ ತಾಲೂಕು. ಅಲ್ಲಿಯ ನಾಂದಣಿ ಜೈನ ಮಠದ ಆನೆ ಮಹಾದೇವಿಯನ್ನು, ಅದರ ಆರೋಗ್ಯದ ಕಾರಣದಿಂದ, ನ್ಯಾಯಾಲಯದ ಆದೇಶದಂತೆ 2025ರ ಜುಲೈನಲ್ಲಿ ಜಾಮನಗರದ ವನತಾರಾಕ್ಕೆ ಸಾಗಿಸಲಾಯಿತು. ಜನರ ಕಣ್ಣೀರು ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ತರುಣರು ಜಿಯೋ ಸಂಪರ್ಕ ತೊರೆಯಲು ಕರೆಯಿತ್ತರು. ಆಗಸ್ಟಿನಲ್ಲಿ ಸಾವಿರಾರು ಜನ ಕೊಲ್ಲಾಪುರದವರೆಗೆ ನಡೆದರು. ಕೊನೆಗೆ ನಾಂದಣಿ ಪರಿಸರದಲ್ಲೇ ಆನೆಗೊಂದು ಆರೈಕೆ ಕೇಂದ್ರ ಕಟ್ಟುವ ಪ್ರಸ್ತಾವ ವನತಾರಾದಿಂದಲೇ ಬಂದಿತು. ಪ್ರಾಣಿಯ ಹಿತ, ಭಕ್ತರ ಪ್ರೀತಿ ಇವೆರಡನ್ನೂ ತೂಗಬೇಕಾದ ಪ್ರಶ್ನೆಯದು. ಆದರೂ ತರುಣರ ಶಕ್ತಿ ಎಷ್ಟೆಂಬುದು ಸ್ಪಷ್ಟವಾಯಿತು.

ಅದೇ ತಾಲೂಕಿನ ಹೇರವಾಡದಲ್ಲಿ ಸದ್ದಿಲ್ಲದೆ ಇನ್ನೂ ದೊಡ್ಡ ಕಾರ್ಯ ನಡೆದಿತ್ತು. ಪತಿ ತೀರಿಕೊಂಡಾಗ ಹೆಂಡತಿಯ ಬಳೆ ಒಡೆಯುವ, ಕುಂಕುಮ ಅಳಿಸುವ, ತಾಳಿ ತೆಗೆಯುವ ರೂಢಿಯನ್ನು ನಿಲ್ಲಿಸಬೇಕೆಂದು ಗ್ರಾಮಸಭೆಯು 2022ರ ಮೇ 4ರಂದು ಠರಾವು ಮಾಡಿತು. ಅದೇ ತಿಂಗಳು ಮಹಾರಾಷ್ಟ್ರ ಸರಕಾರವು ಈ ಮಾದರಿಯನ್ನು ಅನುಸರಿಸುವಂತೆ ಇತರ ಪಂಚಾಯತಿಗಳಿಗೆ ತಿಳಿಸಿತು.

ನಿಪ್ಪಾಣಿಯ ಮಾರ್ಗವಾಗಿ ಗಡಹಿಂಗ್ಲಜಕ್ಕೆ ಬಂದರೆ ಕನ್ನಡ-ಮರಾಠಿ ಒಂದೇ ಅಂಗಳದಲ್ಲಿ ಕೇಳಿಸುತ್ತವೆ. 1970ರ ದಶಕದಲ್ಲಿ ದೇವದಾಸಿ ಪದ್ಧತಿಯ ವಿರುದ್ಧ ಈ ಎರಡು ಊರುಗಳಿಂದ ಎದ್ದ ಧ್ವನಿಗೆ ರಾಜ್ಯದ ಗಡಿ ಅಡ್ಡಬರಲಿಲ್ಲ. ಸವದತ್ತಿ ಯಲ್ಲಮ್ಮನ ಭಕ್ತರು ಎರಡೂ ಕಡೆಯವರಷ್ಟೆ! ಕರ್ನಾಟಕದಲ್ಲಿ ಇದನ್ನು ನಿಷೇಧಿಸುವ 1982ರ ಕಾಯಿದೆ ಬಂದದ್ದು ಅನಂತರ. ಆಗ ಮೊಬೈಲ್ ಇರಲಿಲ್ಲ. ಮನೆಮನೆಗೆ ನಡೆಯುವ ಕಾಲುಗಳಿದ್ದವು.

ನಮ್ಮ ಮಕ್ಕಳ ಕೈಯಲ್ಲಿ ಈಗ ಎರಡೂ ಇವೆ. ಹೇರವಾಡದ ಸುದ್ದಿಯನ್ನು ನೂರು ಜನರಿಗೆ ಕಳಿಸುವುದು ಸುಲಭ. ಪತಿಯನ್ನು ಕಳೆದುಕೊಂಡ ನೆರೆಮನೆಯ ತಾಯಿಯನ್ನು ಹಬ್ಬದ ದಿನ ಅರಿಶಿನ-ಕುಂಕುಮಕ್ಕೆ ಕರೆಯುವುದು ಕಠಿಣ. ಆ ಕಠಿಣ ಕೆಲಸವನ್ನು ಮನೆಯ ಹಿರಿಯರಾದ ನಾವು ಮೊದಲು ಮಾಡಿದರೆ, ಕಿರಿಯರ ಡಂಗುರಕ್ಕೂ ಅರ್ಥ ಬಂದೀತು.