ಯಾರ ಟವರು, ಯಾರ ರೊಕ್ಕ

ಸೇಡಂ, 12 ಜನವರಿ 2025, ರವಿವಾರ

ಎದುರುಮನೆ ಚಾಚಾ, ಚಾಚಿ ಉಮ್ರಾಕ್ಕೆ ಹೊರಟಿದ್ದಾರೆ. ಮುಂದಿನ ತಿಂಗಳು 20ಕ್ಕೆ ಶಂಶಾಬಾದಿನಿಂದ ವಿಮಾನ, ಜಿದ್ದಾಕ್ಕೆ. ರಂಜಾನಿನ ಮೊದಲ ರೋಜಾಗಳೂ ಅಲ್ಲೇ. ಮಲಖೇಡದ ಸಿಮೆಂಟ್ ಕಾರ್ಖಾನೆಯಲ್ಲಿ ಜೀವಮಾನ ಪೂರ್ತಿ ದುಡಿದು ಕೂಡಿಟ್ಟ ಹಣದಲ್ಲಿ ಈ ಪ್ರಯಾಣ. ಸಂಜೆ ಚಾಚಾ ಪಾಸ್‌ಪೋರ್ಟ್ ತೋರಿಸಲು ಬಂದಿದ್ದರು. ಮಾತಿನ ನಡುವೆ ಫೋನು ಮೇಜಿನ ಮೇಲಿಟ್ಟು, “ಇದು ಮನ್ಯಾಗೇ ಇರ್ಲಿ ಬೇಟಿ. ಅಲ್ಲಿ ಯಾರರ ಫೋನ್ ಮಾಡಿದ್ರ ಎತ್ತಿದವ್ರಿಗೂ ರೊಕ್ಕ ಕಟ್ ಆಗ್ತದಂತ,” ಅಂದರು.

ಚಾಚಾಗೆ ಸಕ್ಕರೆ ಕಾಯಿಲೆ, ಚಾಚಿಗೆ ಮೊಣಕಾಲು ನೋವು. ಲಕ್ಷಾಂತರ ಜನರ ನಡುವೆ ಒಬ್ಬರ ಕೈ ಒಬ್ಬರಿಂದ ತಪ್ಪಿದರೆ? ಅಂಥ ಕಡೆ ಹೋಗುವಾಗ ಫೋನು ಬಿಟ್ಟು ಹೋಗುವುದೆಂದರೆ ಔಷಧಿ ಚೀಲ ಬಿಟ್ಟು ಹೋದಂತೆಯೇ. ಆದರೂ ಅವರಿಗೆ ಯಾರೋ ಹೇಳಿದ ಮಾತು ಸುಳ್ಳಲ್ಲ. ನಾನು ಸೇಡಂನಿಂದ ಚಾಚಾನ ನಂಬರಿಗೆ ಕರೆ ಮಾಡಿದರೆ ನನ್ನ ಲೆಕ್ಕದಲ್ಲಿ ಅದು ಊರೊಳಗಿನ ಕರೆ. ಅಲ್ಲಿಂದ ಮುಂದೆ, ಜಿದ್ದಾದವರೆಗಿನ ದಾರಿಯ ಬಾಡಿಗೆಯನ್ನು ಎತ್ತಿದವರೇ ಕೊಡಬೇಕು. ಕರೆ ಮಾಡಿದವರಿಗೆ ಅವರು ಎಲ್ಲಿದ್ದಾರೆಂಬುದೇ ಗೊತ್ತಿರುವುದಿಲ್ಲವಲ್ಲ.

“ಫೋನ್ ಒಯ್ಯಿರಿ ಚಾಚಾ. ಖರ್ಚು ಫೋನಿಂದಲ್ಲ, ಸಿಮ್ಮಿಂದು. ನಾ ಎಲ್ಲ ಕೂಡಿಸಿ ಕೊಡ್ತೀನಿ,” ಅಂದೆ. ಮಾತು ಕೊಟ್ಟಾಯಿತು. ಈಗ ಪ್ರತಿಯೊಂದನ್ನೂ ಸರಿಯಾಗಿ ತಿಳಿದುಕೊಳ್ಳಬೇಕು.

ಕುಂಚಾವರಂ, 19 ಜನವರಿ, ರವಿವಾರ

ಚಿಂಚೋಳಿ ದಾಟಿ ಕಾಡಿನ ದಾರಿಯಲ್ಲಿ ಇಲ್ಲಿಗೆ ಬಂದೆವು, ಸಹಶಿಕ್ಷಕಿಯ ಮನೆಯ ಕಾರ್ಯಕ್ಕೆ. ದಾರಿಯ ಆಚೆ ಈಚೆ ತೊಗರಿ ರಾಶಿ ನಡೆದಿದೆ. ತೆಲಂಗಾಣ ಇಲ್ಲಿಗೆ ಕೂಗಳತೆ.

ರೋಮಿಂಗ್ ಎಂದರೇನು ಅಂತ ಬೆಂಗಳೂರಿನವರಿಗಿಂತ ಮೊದಲು ತಿಳಿದವರು ಈ ಗಡಿಯ ಜನ. ಊರು ನಮ್ಮದು, ಹೊಲ ನಮ್ಮದು. ಆದರೆ ಹೊಲದ ಬದುವಿನಲ್ಲಿ ನಿಂತರೆ ಫೋನು ಆಚೆಯ ಟವರು ಹಿಡಿಯುತ್ತಿತ್ತು. ಮೊಬೈಲ್ ಕಂಪನಿಗಳ ಲೆಕ್ಕದಲ್ಲಿ ಅದು ಆಂಧ್ರ ಸರ್ಕಲ್, ನಮ್ಮದು ಕರ್ನಾಟಕ ಸರ್ಕಲ್. ಬಂದ ಕರೆ ಎತ್ತಿದರೂ ಬ್ಯಾಲೆನ್ಸ್ ಇಳಿಯುತ್ತಿತ್ತು. ಆಚೆಯ ತಾಂಡೂರಿನ ಬಜಾರಿಗೆ ಹೋಗಿ ಬರುವವರು ಮಿಸ್‌ ಕಾಲ್ ಕೊಟ್ಟು ಸುಮ್ಮನಾಗುತ್ತಿದ್ದರು. ಎರಡೂ ಕಡೆಯ ಸಿಮ್ ಇಟ್ಟುಕೊಂಡವರೂ ಇದ್ದರು. ಎರಡು ಸಿಮ್ಮಿನ ಫೋನು ನಮ್ಮ ಕಡೆ ಶೋಕಿಗೆ ಬಂದದ್ದಲ್ಲ. 2015ರ ಮೇ 1ರಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಈ ದರಗಳ ಮಿತಿಯನ್ನು ಕಡಿದು ಇಳಿಸಿತು; ಮುಂದೆ ಕಂಪನಿಗಳ ಪೈಪೋಟಿಯಲ್ಲಿ ದೇಶದೊಳಗಿನ ರೋಮಿಂಗ್ ಖರ್ಚೇ ಮಾಯವಾಯಿತು. ಇವತ್ತು ಇಲ್ಲಿಯ ಹುಡುಗರಿಗೆ ಅದು ನೆನಪೂ ಇಲ್ಲ.

ದೇಶದೊಳಗೆ ಮಾಯವಾದದ್ದು ಹೊರದೇಶದಲ್ಲಿ ಯಾಕೆ ಉಳಿಯಿತು? ಊಟದ ಹೊತ್ತಿನಲ್ಲೂ ಇದೇ ತಲೆಯಲ್ಲಿತ್ತು. ಇಲ್ಲಿ ಗಡಿಯ ಈಚೆ ಇರುವುದೂ ಆಚೆ ಇರುವುದೂ ಬಹುಮಟ್ಟಿಗೆ ಒಂದೇ ಕಂಪನಿಯ ಟವರು. ಒಂದು ಕಿಸೆಯಿಂದ ತೆಗೆದು ಇನ್ನೊಂದು ಕಿಸೆಗೆ ಹಾಕುವ ಲೆಕ್ಕ, ಬಿಡುವುದು ಸುಲಭ. ಜಿದ್ದಾದ ಟವರು ಪರರದು. ಅವರು ನಿಮಿಷಕ್ಕಿಷ್ಟು, ಎಂಬಿಗಿಷ್ಟು ಅಂತ ನಮ್ಮ ಕಂಪನಿಯಿಂದ ಸಗಟು ದರ ವಸೂಲಿ ಮಾಡುತ್ತಾರೆ. ನಮ್ಮ ಕಂಪನಿ ಅದರ ಮೇಲೆ ತನ್ನದನ್ನು ಸೇರಿಸಿ ನಮ್ಮಿಂದ ತೆಗೆದುಕೊಳ್ಳುತ್ತದೆ. ಸರಕಾರಗಳು ಕೂತು ಒಪ್ಪಂದ ಮಾಡಿದರೆ ಇದನ್ನೂ ಇಳಿಸಬಹುದು. ಯೂರೋಪಿನ ಒಕ್ಕೂಟದ ದೇಶಗಳು 2017ರ ಜೂನ್ 15ರಿಂದ ತಮ್ಮೊಳಗೆ ಈ ಹೆಚ್ಚಿನ ಶುಲ್ಕ ತೆಗೆದುಹಾಕಿವೆ. ನಮಗೂ ಕೊಲ್ಲಿ ದೇಶಗಳಿಗೂ ನಡುವೆ ಅಂಥದೊಂದು ಆಗಬೇಕೆಂದು ನನ್ನ ಆಸೆ. ಅಲ್ಲಿ ದುಡಿಯುವ ನಮ್ಮವರ ಸಂಖ್ಯೆ ನೋಡಿದರೆ ಅದು ದೊಡ್ಡ ಬೇಡಿಕೆಯೇನಲ್ಲ.

ಶಹಾಬಾದ, 2 ಫೆಬ್ರವರಿ, ರವಿವಾರ

ಅಕ್ಕನ ಮನೆ. ಭಾವ ಎಂಬತ್ತರ ದಶಕದಲ್ಲಿ ಕುವೈತಿನಲ್ಲಿದ್ದರು. ಪತ್ರ ಮುಟ್ಟಲು ವಾರಗಟ್ಟಲೆ. ಊರಿಗೆ ಬರುವವರ ಕೈಯಲ್ಲಿ ದನಿ ತುಂಬಿದ ಕ್ಯಾಸೆಟ್ ಕಳಿಸುತ್ತಿದ್ದರು. ಆಮೇಲೆ ಎಸ್‌ಟಿಡಿ-ಐಎಸ್‌ಡಿ ಬೂತುಗಳು ಬಂದವು. ಗಾಜಿನ ಗೂಡಿನೊಳಗೆ ಅಕ್ಕನ ಕಣ್ಣು ಪೂರ್ತಿ ಆ ಕೆಂಪಂಕಿ ಮೀಟರಿನ ಮೇಲೆ. “ಏನ್ ಮಾತಾಡಿದ್ನೋ ಒಂದೂ ನೆನಪಿಲ್ಲ, ಎಷ್ಟಾಯ್ತು ಅನ್ನೂದಷ್ಟೇ ನೆನಪೈತಿ,” ಅಂತ ಇವತ್ತೂ ಹೇಳಿದಳು. 2002ರ ಮಾರ್ಚ್ ಕೊನೆಯವರೆಗೂ ಹೊರದೇಶದ ಕರೆಗಳು ವಿಎಸ್‌ಎನ್‌ಎಲ್ ಎಂಬ ಒಂದೇ ಕಂಪನಿಯ ಕೈಯಲ್ಲಿದ್ದವು.

ಈಗ ಅವಳ ಮಗ ಶಾರ್ಜಾದಲ್ಲಿದ್ದಾನೆ. ಅಲ್ಲಿಯ ಕಾನೂನಿನಲ್ಲಿ ವಾಟ್ಸಾಪ್ ಕರೆ ಹತ್ತುವುದಿಲ್ಲ; ಬರೆದ ಸಂದೇಶ, ಫೋಟೋ, ವಾಯ್ಸ್ ಮೆಸೇಜ್ ಹೋಗುತ್ತವೆ. ಕರೆಗೆ ಅಲ್ಲಿ ಅನುಮತಿ ಇರುವ ಬೋಟಿಮ್ ಆ್ಯಪನ್ನೇ ಎರಡೂ ಕಡೆ ಹಾಕಿಕೊಂಡಿದ್ದಾರೆ. ಇದನ್ನು ಹೊರಡುವ ಮುಂಚೆ ಅವ್ವನ ಫೋನಿಗೂ ಹಾಕಿ, ಒತ್ತುವುದು ಕಲಿಸಿ ಹೋಗಿದ್ದ. ಜಾಣ ಹುಡುಗ. ಹೋದಮೇಲೆ ಅಲ್ಲಿಂದ ಹೇಳಿಕೊಡುವುದು ಎಷ್ಟು ಕಷ್ಟವೆಂದು ಅಕ್ಕನ ಪಕ್ಕದ ಮನೆಯವರನ್ನು ಕೇಳಬೇಕು. ಅವರಿಗೆ ಮಗಳ ದನಿ ಕೇಳಲು ತಿಂಗಳೇ ಹಿಡಿಯಿತಂತೆ.

ವಾಡಿ, 9 ಫೆಬ್ರವರಿ, ರವಿವಾರ

ತಮ್ಮನ ಗೆಳೆಯ ಕೆಲಸದ ಮೇಲೆ ಬ್ಯಾಂಕಾಕಿಗೆ ಹೋಗಿ ಬಂದವನು ಸಿಕ್ಕಿದ್ದ. ಪೋಸ್ಟ್‌ಪೇಡ್ ನಂಬರು, ಪ್ಯಾಕ್ ಹಾಕಿಸಿರಲಿಲ್ಲ, ಡೇಟಾ ರೋಮಿಂಗ್ ಆನ್ ಇತ್ತು. ಒಂದೂ ಕರೆ ಮಾಡಲಿಲ್ಲ, ಏನೂ ನೋಡಲಿಲ್ಲ. ಬಂದ ಬಿಲ್ಲು ತಿಂಗಳ ಸಂಬಳಕ್ಕಿಂತ ಹೆಚ್ಚು. ಅವನು ಮಲಗಿದ್ದಾಗ ಫೋನು ಮಲಗಿರಲಿಲ್ಲ: ಹಗಲು ತೆಗೆದ ಫೋಟೋಗಳನ್ನು ರಾತ್ರಿ ತಾನಾಗಿ ಮೇಲಕ್ಕೆ ಏರಿಸುತ್ತಿತ್ತು, ಆ್ಯಪುಗಳನ್ನು ಹೊಸದು ಮಾಡಿಕೊಳ್ಳುತ್ತಿತ್ತು, ಗ್ರೂಪಿನಲ್ಲಿ ಬಂದ ವಿಡಿಯೋಗಳನ್ನು ಇಳಿಸಿಕೊಳ್ಳುತ್ತಿತ್ತು. ಪ್ಯಾಕ್ ಇಲ್ಲದ ಡೇಟಾಕ್ಕೆ ಸಾಮಾನ್ಯವಾಗಿ 10 ಕೆಬಿ ತುಣುಕಿನ ಲೆಕ್ಕ. 3 ಎಂಬಿಯ ಒಂದು ಫೋಟೋ ಎಂದರೆ ಅಂಥ ಮುನ್ನೂರು ತುಣುಕು.

ಇನ್ನೊಂದು ಮಾತೂ ಹೇಳಿದ, ನಾನು ಗುರುತು ಹಾಕಿಕೊಂಡೆ. ಕೆಲವು ವಿಮಾನಗಳಲ್ಲಿ ಉಪಗ್ರಹದ ಮೂಲಕ ನಡೆಯುವ ತಮ್ಮದೇ ಮೊಬೈಲ್ ಜಾಲ ಇರುತ್ತದೆ. ಏರೋಪ್ಲೇನ್ ಮೋಡ್ ಹಾಕದಿದ್ದರೆ ಫೋನು ಅದನ್ನು ಹಿಡಿದುಬಿಡುತ್ತದೆ, ಅದರ ದರ ನೆಲದ ರೋಮಿಂಗಿಗಿಂತಲೂ ದುಬಾರಿ. ಹಡಗಿನಲ್ಲೂ ಹಾಗೇ.

ಸೇಡಂ, 16 ಫೆಬ್ರವರಿ, ರವಿವಾರ

ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಚಾಚಾನ ಮನೆಯಲ್ಲೇ ಕೂತೆ. ಇವತ್ತಿನದನ್ನು ಬಿಡಿಸಿ ಬರೆಯುತ್ತೇನೆ. ನಾಳೆ ಇನ್ನೊಬ್ಬರಿಗೆ ಬೇಕಾದೀತು.

ಮೊದಲು ಫೋನಿನ ಟ್ರೇ ಹೊರಗೆ ತೆಗೆದೆವು. ಎರಡು ಸಿಮ್ಮಿನ ಫೋನೇ, ಆದರೆ ಎರಡನೆಯ ಜಾಗದಲ್ಲಿ ಮೆಮರಿ ಕಾರ್ಡ್ ಕೂತಿತ್ತು. ಇಂಥ ಫೋನುಗಳಲ್ಲಿ ಆ ಜಾಗಕ್ಕೆ ಸಿಮ್ ಅಥವಾ ಕಾರ್ಡ್, ಎರಡರಲ್ಲಿ ಒಂದೇ. ಕಾರ್ಡಿನಲ್ಲಿ ಚಾಚಾ ವರ್ಷಗಟ್ಟಲೆ ಕೂಡಿಸಿದ ನಾತ್‌ಗಳು, ಮೊಮ್ಮಕ್ಕಳ ಫೋಟೋ. ಅವನ್ನು ಅವರ ಮಗನ ಲ್ಯಾಪ್‌ಟಾಪಿಗೆ ಇಳಿಸಿ, ಬೇಕಾದ ಕೆಲವನ್ನು ಫೋನಿನೊಳಗೇ ಹಾಕಿ, ಜಾಗ ಖಾಲಿ ಮಾಡಿದೆ. ಸಿಮ್ ತೆಗೆಯುವ ಪಿನ್ನನ್ನು ಪಾಸ್‌ಪೋರ್ಟಿನ ಕವರಿಗೆ ಅಂಟಿಸಿದೆ. ಜಿದ್ದಾದಲ್ಲಿ ಪಿನ್ ಹುಡುಕುತ್ತ ನಿಲ್ಲಬಾರದು.

ಮುಂದೆ ಕೆಲಸ ಹಂಚುವುದು. ಹಳೆಯ ಸಿಮ್ ಒಳಗೇ ಇರುತ್ತದೆ. ಅದರ ಕೆಲಸ ಎಸ್‌ಎಂಎಸ್ ಮಾತ್ರ. ಬ್ಯಾಂಕಿನ ಓಟಿಪಿ ಬರುವುದು ಆ ನಂಬರಿಗೆ, ಒಳಬರುವ ಎಸ್‌ಎಂಎಸ್‌ಗೆ ಹೊರದೇಶದಲ್ಲೂ ನಮ್ಮ ಕಂಪನಿಗಳು ದುಡ್ಡು ಹಿಡಿಯುವುದಿಲ್ಲ. ಆದರೆ ಅದಕ್ಕೆ ರೋಮಿಂಗ್ ಸೇವೆ ಚಾಲೂ ಇರಬೇಕು. ಇದರ ನಿಯಮ ಕಂಪನಿ ಕಂಪನಿಗೆ ಬೇರೆ, ಆದ್ದರಿಂದ ಇಲ್ಲಿಂದಲೇ ಆ್ಯಪಿನಲ್ಲಿ ನೋಡಿ ಚಾಲೂ ಮಾಡಿಸಿದೆ. ಅಲ್ಲಿಗೆ ಹೋದಮೇಲೆ ಮಾಡಿಸುತ್ತೇನೆಂದರೆ ಗ್ರಾಹಕ ಸೇವೆಗೆ ಕರೆ ಮಾಡಲೂ ಸಿಗ್ನಲ್ ಇರುವುದಿಲ್ಲ. ಡೇಟಾ ರೋಮಿಂಗ್ ಆಫ್. ಆ ನಂಬರಿಗೆ ಬಂದ ಕರೆ ಎತ್ತಬಾರದು. ಎತ್ತದ ಕರೆಗೆ ದುಡ್ಡಿಲ್ಲ, ಆದರೆ ಅದು ಬೇರೆ ನಂಬರಿಗೋ ವಾಯ್ಸ್‌ಮೇಲಿಗೋ ತಿರುಗುವಂತಿದ್ದರೆ ಇದೆ. ಅದಕ್ಕಾಗಿ ##002# ಒತ್ತಿ ಕರೆ ತಿರುಗಿಸುವ ಎಲ್ಲ ಏರ್ಪಾಟು ರದ್ದು ಮಾಡಿದೆ.

ಮಾತಿಗೂ ಡೇಟಾಕ್ಕೂ ಅಲ್ಲಿಯ ಸಿಮ್. ಸೌದಿಯಲ್ಲಿ ಎಸ್‌ಟಿಸಿ, ಮೊಬೈಲಿ, ಝೈನ್ ಮೂರೂ ದೊಡ್ಡ ಕಂಪನಿಗಳು, ವಿಮಾನ ನಿಲ್ದಾಣದಲ್ಲೇ ಕೌಂಟರ್ ಇರುತ್ತವೆ. ಪಾಸ್‌ಪೋರ್ಟ್ ತೋರಿಸಬೇಕು, ಬೆರಳಚ್ಚು ಕೊಡಬೇಕು. ಬೀದಿಯಲ್ಲಿ ಬೇರೆಯವರ ಹೆಸರಿನ ಸಿಮ್ ಮಾರುವವರಿಂದ ಕೊಳ್ಳಬೇಡಿರೆಂದು ಎರಡೆರಡು ಸಲ ಹೇಳಿದೆ. ನಮ್ಮ ಕಂಪನಿಗಳ ರೋಮಿಂಗ್ ಪ್ಯಾಕ್ ಕೂಡ ನೋಡಿದೆ. ಮೂರು ನಾಲ್ಕು ದಿನಕ್ಕೆ ಹೋಗುವವರಿಗೆ ಅದೇ ವಾಸಿ: ಕೌಂಟರಿನ ಸಾಲಿಲ್ಲ, ಹಳೆಯ ನಂಬರಿನಲ್ಲೇ ಮಾತು. ಎರಡು ವಾರ ಇದ್ದು ದಿನಾ ಮಗನ ಜೊತೆ ಮಾತಾಡುವವರಿಗೆ ಅಲ್ಲಿಯ ಸಿಮ್ಮೇ ಅಗ್ಗ. ಹೊಸ ಫೋನುಗಳಲ್ಲಿ ಇ-ಸಿಮ್ ಇದೆ, ಟ್ರೇ ತೆಗೆಯುವ ಕೆಲಸವೇ ಇಲ್ಲ. ಚಾಚಾನ ಫೋನಿನಲ್ಲಿ ಅದಿಲ್ಲ.

“ನಂಬರ್ ಬದ್ಲಾದ್ರ ನನ್ನ ವಾಟ್ಸಾಪು?” ಚಾಚಾ ಕೇಳಿದರು. ಒಳ್ಳೆಯ ಪ್ರಶ್ನೆ. ವಾಟ್ಸಾಪು ಹಳೆಯ ನಂಬರಿನಲ್ಲೇ ನಡೆಯುತ್ತದೆ, ಡೇಟಾ ಯಾವ ಸಿಮ್ಮಿನದಾದರೂ ಸರಿ. ಹೊಸ ಸಿಮ್ ಹಾಕಿದಾಗ ನಂಬರು ಬದಲಿಸಬೇಕೇ ಅಂತ ಫೋನು ಕೇಳಿದರೆ ಬೇಡ ಅಂತಲೇ ಒತ್ತಬೇಕು. ಫೋಟೋ, ವಿಡಿಯೋ ತಾನಾಗಿ ಇಳಿಯುವುದನ್ನು ಬಂದ್ ಮಾಡಿದೆ. ಅಲ್ಲೂ ಕರೆ ಸರಿಯಾಗಿ ಹತ್ತದಿದ್ದರೆ ಮೈಕು ಒತ್ತಿ ಹಿಡಿದು ಹೇಳಿ ಕಳಿಸಿರಿ, ಅಂದೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ನಂಬರು ಬರೆಯುವುದು. ಫೋನಿನಲ್ಲಿ ಉಳಿಸಿದ್ದೆಲ್ಲ ಬರೀ ಹತ್ತಂಕಿ. ಸೌದಿ ಸಿಮ್ಮಿನಿಂದ ಅದು ಹತ್ತುವುದಿಲ್ಲ. ಸೊನ್ನೆ ಒತ್ತಿ ಹಿಡಿದರೆ ಪ್ಲಸ್ ಬರುತ್ತದೆ, ಆಮೇಲೆ 91. ಮಗ, ಸೊಸೆ, ಡಾಕ್ಟರು, ನಾನು, ಎಲ್ಲರ ನಂಬರಿನ ಮೊದಲಿಗೂ ಹಾಗೆ ಸೇರಿಸಿದೆವು. ಕೊನೆಯ ನಾಲ್ಕು ಚಾಚಾ ತಾವೇ ಮಾಡಿದರು. ಚಾಚಿ ತಮ್ಮ ಕೀಪ್ಯಾಡ್ ಫೋನಿಗೂ ಒಂದು ಸಿಮ್ ಬೇಕೆಂದು ಹಟ ಹಿಡಿದರು. “ಗದ್ದಲದಾಗ ಇವ್ರು ತಪ್ಪಿಸ್ಕೊಂಡ್ರ ನಾ ಯಾರಿಗಿ ಕೇಳ್ಲಿ?” ಅವರ ಮಾತೇ ಸರಿ. ಇಬ್ಬರ ಬಳಿಯೂ ಒಂದೊಂದು ಇರಲಿ. ಒಂದೇ ಸಿಮ್ ಕೊಂಡು ಉಳಿಸುವ ಕಾಸು ಅಂಥಾ ಹೊತ್ತಿಗೆ ಯಾವ ಕೆಲಸಕ್ಕೂ ಬರುವುದಿಲ್ಲ.

ಸೇಡಂ, 23 ಫೆಬ್ರವರಿ, ರವಿವಾರ

ಚಾಚಾ, ಚಾಚಿ ಮುಟ್ಟಿದರು. ಮಗನಿಗೆ ಮೊದಲ ಕರೆ ಸೌದಿ ನಂಬರಿನಿಂದಲೇ ಬಂತು. ನನಗೂ ಮೆಕ್ಕಾದಿಂದ ವಾಯ್ಸ್ ಮೆಸೇಜ್ ಬಂದಿದೆ, ದನಿ ಜೋರಾಗಿದೆ, ಖುಷಿಯಲ್ಲಿದ್ದಾರೆ. ಅಲ್ಲಿಯ ಹೊತ್ತು ನಮಗಿಂತ ಎರಡೂವರೆ ತಾಸು ಹಿಂದೆ. ಬೆಳಿಗ್ಗೆ ಆರಕ್ಕೇ ಫೋನ್ ಮಾಡಬೇಡವೆಂದು ಮಗನಿಗೆ ಹೇಳಿ ಬಂದೆ.

ಇವತ್ತು ಮನೆಗೆ ಬಂದವನು ಹಳೆಯ ವಿದ್ಯಾರ್ಥಿ, ಚಿಂಚೋಳಿ ತಾಲ್ಲೂಕಿನ ತಾಂಡಾದ ಹುಡುಗ. ದುಬೈಗೆ ಡ್ರೈವರ್ ಕೆಲಸಕ್ಕೆ ಹೊರಟಿದ್ದಾನೆ, ಎರಡು ವರ್ಷದ ಕರಾರು. ಅವನ ಕಥೆ ಚಾಚಾನದಕ್ಕಿಂತ ಬೇರೆ. “ಇಲ್ಲಿ ಸಿಮ್ ಬಿಟ್ಟೇ ಹೋಗ್ತೀನ್ರಿ ಟೀಚರ್, ಸುಮ್ನೆ ರಿಚಾರ್ಜ್ ಯಾಕ?” ಅಂದ. ನನಗೆ ಎದೆ ಧಸಕ್ಕೆಂದಿತು. ಅವನ ಆಧಾರ್ ಆ ನಂಬರಿಗೆ, ಬ್ಯಾಂಕ್ ಖಾತೆ ಆ ನಂಬರಿಗೆ, ಅವ್ವ ಹಣ ತೆಗೆಯುವುದು ಆ ಖಾತೆಯಿಂದ. ಬಳಸದೆ ಬಿಟ್ಟ ನಂಬರು ರದ್ದಾಗಿ, ಕೆಲವು ತಿಂಗಳ ಮೇಲೆ ಇನ್ಯಾರಿಗೋ ಹೊಸ ಸಿಮ್ಮಾಗಿ ಮಾರಾಟವಾಗುತ್ತದೆ. ಆಗ ಇವನ ಓಟಿಪಿ ಮುಟ್ಟುವುದು ಗುರುತಿಲ್ಲದವರ ಕೈಗೆ.

ಟ್ರಾಯ್ ಹೋದ ಡಿಸೆಂಬರಿನಲ್ಲಿ ಮಾಡಿದ ನಿಯಮ ಇವನಂಥವರಿಗೆ ಹೇಳಿ ಮಾಡಿಸಿದಂತಿದೆ: ಡೇಟಾ ಬೇಡದವರಿಗೆ ಬರೀ ಕರೆ ಮತ್ತು ಎಸ್‌ಎಂಎಸ್‌ನ ಪ್ಯಾಕ್ ಕೊಡಲೇಬೇಕು, ಅಂಥ ವೋಚರಿನ ಅವಧಿ 365 ದಿನದವರೆಗೂ ಇರಬಹುದು. ಜನವರಿಯಿಂದ ಅಂಥವು ಬಂದಿವೆ. ವರ್ಷಕ್ಕೊಮ್ಮೆ ಹಾಕಿಸಿದರೆ ನಂಬರು ಜೀವಂತ. ರಿಚಾರ್ಜಿನ ತಾರೀಖನ್ನು ಅವ್ವನ ಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ ಹೋಗು ಅಂದೆ. ಬೋಟಿಮ್ ವಿಷಯವನ್ನೂ ಹೇಳಿದೆ.

ಚಿತ್ತಾಪುರ, 2 ಮಾರ್ಚ್, ರವಿವಾರ

ಬಸ್‌ ಸ್ಟ್ಯಾಂಡ್ ಎದುರಿನ ಮೊಬೈಲ್ ಅಂಗಡಿಯಲ್ಲಿ ತಾಸು ಹೊತ್ತು ಕೂತಿದ್ದೆ. ಇವತ್ತು ಇಲ್ಲಿ ಮೊದಲ ರೋಜಾ, ಗಿರಾಕಿ ಕಡಿಮೆ. ಅಂಗಡಿಯವನು ಹೇಳಿದ: “ಹೋಗೂಕಿಂತ ಮುಂಚೆ ಯಾರೂ ಕೇಳಂಗಿಲ್ರಿ ಅಕ್ಕಾ. ಹೋದಮ್ಯಾಲ ಮನಿಮಂದಿ ಓಡಿ ಬರ್ತಾರ, ಫೋನ್ ಹತ್ತವಲ್ದು ಅಂತ.”

ಕನ್ನಡದಲ್ಲೂ ಉರ್ದುವಿನಲ್ಲೂ ಒಂದು ಹಾಳೆ ಬರೆದು ಒಯ್ದಿದ್ದೆ. ಟ್ರೇ, ರೋಮಿಂಗ್ ಚಾಲೂ, ಡೇಟಾ ರೋಮಿಂಗ್ ಆಫ್, ಪ್ಲಸ್ 91, ಇಷ್ಟೇ. ದರ ಬರೆಯಲಿಲ್ಲ, ಅದು ಬದಲಾಗುತ್ತಲೇ ಇರುತ್ತದೆ. ಓದಿ, ಕೌಂಟರಿನ ಗಾಜಿಗೆ ಅಂಟಿಸಿಕೊಂಡ. ಅವನೇ ಸೇರಿಸಿದ ಸಾಲು ನನಗೆ ಹೊಳೆದಿರಲಿಲ್ಲ: ಚಾರ್ಜರ್. ಸೌದಿ, ದುಬೈಯಲ್ಲಿ ಸಾಮಾನ್ಯವಾಗಿ ಮೂರು ಚಪ್ಪಟೆ ಕಾಲಿನ ಪ್ಲಗ್ ನಡೆಯುತ್ತದೆ, ನಮ್ಮ ದುಂಡು ಕಾಲಿನದು ಸರಿಯಾಗಿ ಕೂರುವುದಿಲ್ಲ, ಅಡಾಪ್ಟರ್ ಒಯ್ಯಬೇಕು.

ಹಜ್‌ಗೆ ಹೋಗುವವರಿಗೆ ಹೊರಡುವ ಮುಂಚೆ ತರಬೇತಿ ಶಿಬಿರ ಇರುತ್ತದೆ. ನಮ್ಮ ಭಾಗದ ವಯಸ್ಸಾದವರು, ಓದಲು ಬಾರದವರು ಎಷ್ಟೋ ಜನ ಅಲ್ಲಿಗೆ ಬರುತ್ತಾರೆ. ಅಲ್ಲಿ ಫೋನಿಗಾಗಿ ಅರ್ಧ ತಾಸು ಸಿಕ್ಕರೆ, ಒಬ್ಬೊಬ್ಬರ ಫೋನನ್ನೂ ಕೈಯಲ್ಲಿ ಹಿಡಿದು ಮಾಡಿಸಬಹುದು. ನಮ್ಮ ಹತ್ತನೆಯ ತರಗತಿಯ ಹುಡುಗರು ಪರೀಕ್ಷೆ ಮುಗಿದ ಮೇಲೆ ಸಹಾಯಕ್ಕೆ ಬರುತ್ತಾರೆ. ಯಾರನ್ನು ಕೇಳಬೇಕೆಂದು ಚಾಚಾನ ಮಗನಿಗೆ ಗೊತ್ತು. ನಾಳೆ ಶಾಲೆ ಬಿಟ್ಟಮೇಲೆ ಅವನ ಜೊತೆ ಹೋಗಿ ಬರಬೇಕು.