ಸದ್ದಿನ ಮೂಲ

ಸದ್ದಿಗೆ ಕಿವಿಗೊಡುವುದು ಚಿತ್ರದುರ್ಗದವರಿಗೆ ಪರಂಪರೆಯಿಂದ ಬಂದ ಗುಣವೆಂದು ನಾವು ಹೆಮ್ಮೆಪಡುವುದುಂಟು. ಕೋಟೆಯ ಕಿಂಡಿಯ ಬಳಿ ಸಣ್ಣ ಸದ್ದನ್ನು ಕೇಳಿ ಒನಕೆ ಹಿಡಿದು ನಿಂತ ಓಬವ್ವನ ಕಥೆಯನ್ನು ಎಷ್ಟು ತಲೆಮಾರಿನ ಮಕ್ಕಳಿಗೆ ನಾವು ಹೇಳಿಲ್ಲ! ಮೂವತ್ತೈದು ವರ್ಷಗಳ ಕಾಲ ಕಪ್ಪುಹಲಗೆಯ ಕಡೆಗೆ ಮುಖಮಾಡಿ ಬರೆಯುತ್ತಿದ್ದರೂ, ಹಿಂದಿನ ಬೆಂಚಿನಲ್ಲಿ ಕಡಲೆಕಾಯಿ ಸುಲಿಯುವವನು ಯಾರೆಂಬುದನ್ನು ತಿರುಗಿ ನೋಡದೆಯೇ ಹೇಳಬಲ್ಲವರಾಗಿದ್ದೆವು. ಶ್ರವಣೇಂದ್ರಿಯದಲ್ಲಿ ಇಷ್ಟು ವಿಶ್ವಾಸವಿಟ್ಟಿದ್ದ ನಮಗೆ, ನಿವೃತ್ತಿಯ ಮೇಲೆ, ನಮ್ಮ ಕಾರಿನ ಕೆಳಗಿನ ಒಂದು ಸದ್ದು ಪಾಠ ಹೇಳಿತು. ಕಾರನ್ನಿಟ್ಟುಕೊಂಡ ಗೃಹಸ್ಥರಿಗೆ ಉಪಯೋಗವಾದೀತೆಂಬ ಭಾವನೆಯಿಂದ ಅದನ್ನು ಇಲ್ಲಿ ನಿವೇದಿಸುವೆವು.

ಕಾರು ಚಿಕ್ಕದು, ಹನ್ನೆರಡು ವರ್ಷದ್ದು. 2022ರಲ್ಲಿ ಹಿರಿಯೂರಿನ ಬಳಿಯ ವಾಣೀವಿಲಾಸ ಸಾಗರವು ಎಂಬತ್ತೊಂಬತ್ತು ವರ್ಷಗಳ ಮೇಲೆ ಕೋಡಿಬಿದ್ದಾಗ, ಅದನ್ನು ನೋಡಬೇಕೆಂದು ಜಿಲ್ಲೆಗೆ ಜಿಲ್ಲೆಯೇ ಹೊರಟಿತು, ನಾವೂ ಹೊರಟೆವು. 1907ರಲ್ಲಿ ಮುಗಿದ ಆ ಕಟ್ಟೆಯ ಮೇಲಿಂದ ವೇದಾವತಿಯು ಹಾಲಿನಂತೆ ಇಳಿಯುವುದನ್ನು ಕಂಡು ಕಣ್ಣು ತಣಿಯಿತು. ಕಾರಿನ ಮುಂಗಾಲುಗಳಿಗೆ ಮಾತ್ರ ಆ ದಿನದ ಕೊಚ್ಚೆಹಾದಿಗಳು ಒಗ್ಗಲಿಲ್ಲ. ಮುಂದಿನ ಎರಡು ಶಾಕ್ ಅಬ್ಸಾರ್ಬರುಗಳಿಂದಲೂ ಎಣ್ಣೆ ಜಿನುಗತೊಡಗಿತು.

ನಾವು ಅದನ್ನು ಬಹುಕಾಲ ಲಕ್ಷ್ಯಕ್ಕೆ ತರಲಿಲ್ಲ. ಆದರೆ ಹೊಸದುರ್ಗದಲ್ಲಿರುವ ನಮ್ಮ ಅಕ್ಕನವರು ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟದ ಕೀಲಿಗೆ ಶಸ್ತ್ರಚಿಕಿತ್ಸೆಯಾಗಿ, ತಿಂಗಳಿಗೊಮ್ಮೆ ಅವರನ್ನು ಚಿತ್ರದುರ್ಗದ ವೈದ್ಯರಲ್ಲಿಗೆ ಕರೆತರಬೇಕಾಯಿತು. ಹೊಳಲ್ಕೆರೆಯ ಮಾರ್ಗವಾಗಿ ಬರುವಾಗ ಪ್ರತಿ ಗುಂಡಿಗೂ ಅವರು "ಅಮ್ಮಾ" ಎನ್ನುವುದನ್ನು ಕೇಳಲಾರದೆ, ಕಾರನ್ನು ಗ್ಯಾರೇಜಿಗೆ ಒಯ್ದೆವು. ಗ್ಯಾರೇಜಿನ ಯಜಮಾನನು ನಮ್ಮ ಹಳೆಯ ಶಿಷ್ಯ. ಅವನು ಕೆಳಗೆ ಮಲಗಿ ನೋಡಿ, ಬೇಕಾದ ಸಾಮಾನುಗಳ ಪಟ್ಟಿಯೊಂದನ್ನು ಚೀಟಿಯಲ್ಲಿ ಬರೆದುಕೊಟ್ಟನು. ಅದನ್ನು ಪರಿಶೀಲಿಸಿ, ನಮ್ಮ ಒಪ್ಪಿಗೆಯನ್ನು ತಿಳಿಸಿದೆವು. ಎರಡು ದಿನಗಳಲ್ಲಿ ಶಾಕುಗಳೂ ಅವುಗಳ ಮೇಲಿನ ಮೌಂಟುಗಳೂ ಹೊಸದಾದುವು.

ಮುಂದಿನ ವಾರ ಅಕ್ಕನವರನ್ನು ಕರೆತರಲು ಹೊರಟೆವು. ಹೊಳಲ್ಕೆರೆ ಸಮೀಪಿಸುತ್ತಿರುವಾಗ ಎಡಗಾಲ ಕಡೆಯಿಂದ "ಟಕ್" ಎಂದಿತು. ತುಸು ದೂರದಲ್ಲಿ "ಟಕ್ ಟಕ್". ಅಲ್ಲಿಯ ಬಯಲು ಗಣಪತಿಗೆ ಕೈಮುಗಿದು ಮುಂದೆ ಹೋದೆವು, ವಿಘ್ನವು ಪರಿಹಾರವಾಗಲಿಲ್ಲ. ಹಿಂದಿರುಗುವಾಗ ಯಾರೋ ಕೆಳಗಿನಿಂದ ಬಾಗಿಲು ತಟ್ಟುವಂತೆ ದಾರಿಯುದ್ದಕ್ಕೂ ಸದ್ದು. ನಮ್ಮ ಮನೆಯವರು ಚಕ್ರವೇ ಕಳಚೀತೆಂದು ಹೆದರಿ ಮುಂದಿನ ಆಸನವನ್ನು ಬಿಗಿಹಿಡಿದರು. ಅಕ್ಕನವರು ಮಾತ್ರ, "ನನ್ನ ಸೊಂಟ ರಿಪೇರಿ ಆದ್ಮೇಲೂ ಹೀಗೇ ಕಣೋ ಲಟಕ್ ಅಂತಿರೋದು. ಗಾಡಿಗೂ ನನ್ನ ಡಾಕ್ಟ್ರೇ ಕೈ ಹಾಕಿದ್ರೇನೋ" ಎಂದರು.

ನಾವು ನಗಲಿಲ್ಲ. ಮರುದಿನ ಬೆಳಗ್ಗೆ ನೇರವಾಗಿ ಗ್ಯಾರೇಜಿಗೆ ಹೋಗಿ, ನಾಲ್ಕು ಜನ ಟೀ ಕುಡಿಯುತ್ತ ಕುಳಿತಿದ್ದಂತೆಯೇ, ಹಿಂದೆ ತರಗತಿಯಲ್ಲಿ ಆಡುತ್ತಿದ್ದ ಧ್ವನಿಯಲ್ಲಿಯೇ ಅವನನ್ನು ಆಕ್ಷೇಪಿಸಿದೆವು. ಕೈಹಾಕುವ ಮೊದಲು ಸದ್ದಿರಲಿಲ್ಲ, ಕೈಹಾಕಿದ ಮೇಲೆ ಬಂದಿತು, ಆದಕಾರಣ ಕೈಹಾಕಿದವನದೇ ದೋಷ. ಇದು ನಮ್ಮ ತರ್ಕ. ಕಾಗೆ ಕುಳಿತದ್ದಕ್ಕೂ ತಾಳೆಯ ಹಣ್ಣು ಬಿದ್ದದ್ದಕ್ಕೂ ಸಂಬಂಧ ಕಲ್ಪಿಸಬಾರದೆಂದು ಮಕ್ಕಳಿಗೆ ಕಾಕತಾಳೀಯ ನ್ಯಾಯವನ್ನು ಬೋಧಿಸಿದವರು ನಾವೇ ಎಂಬುದು ಆಗ ನೆನಪಿಗೆ ಬರಲಿಲ್ಲ.

ಅವನು ಎದುರಾಡಲಿಲ್ಲ. ಕೈಯನ್ನು ಬಟ್ಟೆಗೆ ಒರೆಸಿಕೊಂಡು, "ಕೂತ್ಕೊಳ್ಳಿ ಸಾರ್, ನೋಡೋಣ" ಎಂದನು.

ಅನಂತರ ಅವನು ನಡೆಸಿದ ಪರೀಕ್ಷೆಯನ್ನು ನೋಡಿ ನಾವು ಬೆರಗಾದೆವು. ಮೊದಲು ಕಾರಿನ ಮುಂಭಾಗವನ್ನು ಎರಡು ಕೈಗಳಿಂದಲೂ ಒತ್ತಿ ಬಿಟ್ಟನು. ಅದು ಒಮ್ಮೆ ಎದ್ದು ನಿಂತಿತು, ತೂಗಾಡಲಿಲ್ಲ. ಆದುದರಿಂದ ಹೊಸ ಶಾಕು ತನ್ನ ಕೆಲಸವನ್ನು ಮಾಡುತ್ತಿದೆ. ಬಳಿಕ ಹುಡುಗನೊಬ್ಬನಿಂದ ಸ್ಟೀರಿಂಗನ್ನು ಅತ್ತಿತ್ತ ತಿರುಗಿಸುತ್ತ, ತಾನು ಸ್ಪ್ರಿಂಗಿನ ಮೇಲೆ ಅಂಗೈಯಿಟ್ಟನು. ಮೇಲಿನ ಮೌಂಟಿನ ಬೇರಿಂಗು ಹಿಡಿದುಕೊಂಡಿದ್ದರೆ, ಅಥವಾ ಸ್ಪ್ರಿಂಗಿನ ತುದಿ ತನ್ನ ಪೀಠದಲ್ಲಿ ಸರಿಯಾಗಿ ಕುಳಿತಿರದಿದ್ದರೆ, ಅದು ತಿರುಚಿಕೊಂಡು ಫಕ್ಕನೆ ಹಾರಿ ಸದ್ದು ಮಾಡುವುದಂತೆ. ಅಂಥದೇನೂ ಇಲ್ಲ. ಶಾಕನ್ನು ಹಿಡಿದ ಬೋಲ್ಟುಗಳನ್ನೂ ಮೇಲಿನ ನಟ್ಟನ್ನೂ ಪಾನ ಹಾಕಿ ನೋಡಿದನು, ಎಲ್ಲವೂ ಬಿಗಿಯಾಗಿದ್ದುವು.

ಆಮೇಲೆ ನಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು ಗುಂಡಿಬಿದ್ದ ಒಂದು ಬೀದಿಯಲ್ಲಿ ಮೆಲ್ಲನೆ ನಡೆಸಿದನು. ಬ್ರೇಕನ್ನು ಹಗುರವಾಗಿ ಅದುಮಿದರೂ ಸದ್ದು ನಿಲ್ಲಲಿಲ್ಲ. ಬ್ರೇಕಿನ ಪ್ಯಾಡುಗಳ ಅಲುಗಾಟವಾಗಿದ್ದರೆ ನಿಲ್ಲಬೇಕಾಗಿತ್ತು. ರಸ್ತೆಯ ಹಂಪನ್ನು ನೇರವಾಗಿ ಹತ್ತಿಸಿದಾಗ ಸದ್ದಿಲ್ಲ. ಎಡಚಕ್ರವೊಂದನ್ನೇ ಗುಂಡಿಗೆ ಇಳಿಸಿದಾಗ "ಟಕ್". ಅವನ ಮುಖದಲ್ಲಿ ಆಗ ನಿಶ್ಚಯದ ಕಳೆ ಕಂಡಿತು.

"ಎರಡೂ ಚಕ್ರ ಒಟ್ಟಿಗೆ ಎದ್ರೆ ಸುಮ್ನಿರುತ್ತೆ, ಒಂದೇ ಎದ್ರೆ ಬಡಿಯುತ್ತೆ ಸಾರ್. ಇದು ಲಿಂಕ್ ರಾಡು."

ಕಾರು ತಿರುವಿನಲ್ಲಿ ವಾಲದಂತೆ ಎಡಬಲ ಚಕ್ರಗಳ ನಡುವೆ ಅಡ್ಡಲಾಗಿ ಒಂದು ಉಕ್ಕಿನ ಸರಳಿರುವುದು. ಅದರ ಎರಡು ತುದಿಗಳನ್ನೂ ಶಾಕುಗಳಿಗೆ ಜೋಡಿಸುವ ಗೇಣುದ್ದದ ಕಡ್ಡಿಗಳೇ ಲಿಂಕ್ ರಾಡುಗಳು. ಅವುಗಳ ತುದಿಗಳಲ್ಲಿ ನಮ್ಮ ಸೊಂಟದ ಕೀಲಿನಂತೆ ಗುಂಡಿಗೆಯೊಳಗೆ ಗುಂಡು. ಎರಡು ಚಕ್ರಗಳೂ ಸಮವಾಗಿ ಎದ್ದರೆ ಸರಳು ತಿರುಚಿಕೊಳ್ಳದು. ಒಂದೇ ಎದ್ದರೆ ತಿರುಚಿಕೊಂಡು ಲಿಂಕನ್ನು ಎಳೆಯುವುದು, ಸವೆದ ಗುಂಡು ಬಡಿಯುವುದು. ಅವನು ಎರಡು ಲಿಂಕುಗಳನ್ನೂ ಬಿಚ್ಚಿ ಅದೇ ಬೀದಿಯಲ್ಲಿ ನಿಧಾನವಾಗಿ ಸುತ್ತಿಸಿದನು. ಕಾರು ತಿರುವಿನಲ್ಲಿ ಕೊಂಚ ವಾಲಿತು. ಸದ್ದು ಮಾತ್ರ ಇಲ್ಲವೇ ಇಲ್ಲ.

ಹೊಗೆಯಿದ್ದಲ್ಲಿ ಬೆಂಕಿ, ಬೆಂಕಿಯಿಲ್ಲದಲ್ಲಿ ಹೊಗೆಯೂ ಇಲ್ಲವೆಂಬ ಅನ್ವಯ ವ್ಯತಿರೇಕಗಳನ್ನು ನಾವು ತರ್ಕಸಂಗ್ರಹವನ್ನು ಮುಂದಿಟ್ಟುಕೊಂಡು ಕಲಿತೆವು. ಅವನು ಅದನ್ನು ಪಾನ ಹಿಡಿದು ಕಲಿತಿದ್ದನು. ಎಡಗಡೆಯ ಲಿಂಕನ್ನು ನಮ್ಮ ಕೈಗೆ ಕೊಟ್ಟನು. ಅಲುಗಿಸಿದರೆ ಗುಂಡು ಗಿಲಕಿಯಂತೆ ಆಡುತ್ತಿತ್ತು. ಹಳೆಯ ತುಕ್ಕೂ ಕೊಳೆಯೂ ಅದನ್ನು ಇಷ್ಟು ದಿನ ಹೇಗೋ ಹಿಡಿದಿದ್ದುವು; ಶಾಕು ಬದಲಾಯಿಸುವಾಗ ಬಿಚ್ಚಲೇಬೇಕಾದುದರಿಂದ ಹಿಡಿತ ತಪ್ಪಿತು. ಕೆಳತೋಳಿನ ರಬ್ಬರ್ ಬುಷ್ಷುಗಳ ಬೋಲ್ಟನ್ನು ಚಕ್ರವು ನೇತಾಡುತ್ತಿರುವಾಗ ಬಿಗಿಮಾಡಬಾರದು, ನೆಲದ ಮೇಲೆ ಭಾರ ಬಿದ್ದಮೇಲೆಯೇ ಮಾಡಬೇಕು, ಇಲ್ಲವಾದರೆ ರಬ್ಬರು ತಿರುಚಿಕೊಂಡು ಬೇಗನೆ ಹರಿಯುವುದೆಂಬುದನ್ನೂ ಅವನು ತಿಳಿಸಿದನು. ಸಾವಿರದ ಸುಮಾರಿನಲ್ಲಿ ಹೊಸ ಲಿಂಕುಗಳ ಜೊತೆ ಬಂದು ಕುಳಿತಿತು. ಚಕ್ರಗಳ ಅಲೈನ್‌ಮೆಂಟನ್ನೂ ನೋಡಿಸಿಕೊಂಡು, "ಇದನ್ನು ಮೊದಲೇ ನೋಡಬಾರದಾಗಿತ್ತೇನಯ್ಯಾ?" ಎಂದು ಇನ್ನೊಂದು ಮಾತನ್ನಾಡಿಯೇ ಮನೆಗೆ ಬಂದೆವು. ಅವನು ಸುಮ್ಮನೆ ನಕ್ಕನು.

ರಾತ್ರಿ ಖರ್ಚನ್ನು ಬರೆದಿಡಲು ಲೆಕ್ಕದ ಪುಸ್ತಕವನ್ನು ತೆರೆದಾಗ, ಅದರಿಂದ ಆ ಹಿಂದಿನ ಚೀಟಿಯು ಜಾರಿ ಬಿದ್ದಿತು. ಶಾಕು ಎರಡು. ಮೌಂಟು ಎರಡು. ಮೂರನೆಯ ಸಾಲಿನಲ್ಲಿ ಅವನದೇ ಸೊಟ್ಟ ಅಕ್ಷರಗಳಲ್ಲಿ, ಲಿಂಕ್ ರಾಡು ಎರಡು. ಅದರ ಮೇಲೆ ಅಡ್ಡಲಾಗಿ ಕೆಂಪು ಶಾಯಿಯ ಗೀಟು. ಪಕ್ಕದಲ್ಲಿ "ಅನಾವಶ್ಯಕ" ಎಂಬ ಷರಾ. ಬರವಣಿಗೆ ನಮ್ಮದು. ನಿವೃತ್ತಿಯ ಮೇಲೂ ಜೇಬಿನಲ್ಲಿ ಕೆಂಪು ಲೇಖನಿಯನ್ನು ಇಟ್ಟುಕೊಳ್ಳುವ ಅಭ್ಯಾಸ ನಮಗೆ ಹೋಗಿರಲಿಲ್ಲ.

ನಮ್ಮ ಮನೆಯವರಿಗೆ ತೋರಿಸಿದೆವು. ಅವರು ಓದಿ, "ಟೀ ಕುಡಿಯೋರ ಎದುರಿಗೆ ಬೈದ್ರಲ್ಲ, ಅವರ ಎದುರಿಗೇ ಹೇಳಿ ಬನ್ನಿ" ಎಂದಷ್ಟೇ ನುಡಿದರು.

ಬೆಳಗ್ಗೆ ಹೋದೆವು. ಟೀ ಕುಡಿಯುವವರಲ್ಲಿ ಇಬ್ಬರು ಹಿಂದಿನವರೇ ಇದ್ದರು. ಚೀಟಿಯನ್ನು ಅವನ ಕೈಗೆ ಕೊಟ್ಟು, ಎಲ್ಲರಿಗೂ ಕೇಳುವಂತೆ, "ತಪ್ಪು ನಿನ್ನದಲ್ಲಪ್ಪ, ನಮ್ಮದು. ಮೊನ್ನೆಯೇ ಇದನ್ನು ಏಕೆ ಹೇಳಲಿಲ್ಲ?" ಎಂದು ಕೇಳಿದೆವು.

ಅವನು ಚೀಟಿಯನ್ನು ನೋಡಿ, ಮಡಿಸಿ, ನಮಗೆ ಹಿಂದಕ್ಕೆ ಕೊಟ್ಟನು. "ಬಿಡಿ ಸಾರ್. ನೀವು ಕೆಂಪಿನಲ್ಲಿ ಗೀಟು ಹಾಕಿದ್ಮೇಲೆ ಯಾಕೆ ಅಂತ ಕೇಳೋ ಅಭ್ಯಾಸ ನಮ್ಮ ಕ್ಲಾಸಿನಲ್ಲಿ ಯಾರಿಗೂ ಇರಲಿಲ್ಲ."

ಅವನು ಹಂಗಿಸಿ ಹೇಳಿದ್ದಲ್ಲ, ವಿನಯದಿಂದಲೇ ಹೇಳಿದನು. ಟೀ ತರಿಸಿ ಕೊಟ್ಟನು, ಕುಡಿದೆವು. ಮೂವತ್ತೈದು ವರ್ಷ ನಮ್ಮ ತರಗತಿಗಳಲ್ಲಿದ್ದ ನಿಶ್ಶಬ್ದವನ್ನು ನಾವು ಶಿಸ್ತೆಂದು ತಿಳಿದು ಸಂತೋಷಪಟ್ಟಿದ್ದೆವು. ಅದರೊಳಗೆ ಎಷ್ಟು ಮಂದಿಯ ಸರಿಯಾದ ಉತ್ತರಗಳು ಸುಮ್ಮನೆ ಕುಳಿತಿದ್ದುವೋ, ಈಗ ಯಾರನ್ನು ಕೇಳೋಣ?

ಮರುತಿಂಗಳು ಹೊಸದುರ್ಗದಿಂದ ಬರುವಾಗ ಕಾರು ಮಾತಾಡಲಿಲ್ಲ. ಹೊಳಲ್ಕೆರೆ ದಾಟುವಷ್ಟರಲ್ಲಿ ಅಕ್ಕನವರಿಗೆ ನಿದ್ರೆ ಹತ್ತಿತ್ತು. ಕೆಂಪು ಲೇಖನಿಯನ್ನು ನಾವು ಜೇಬಿನಿಂದ ತೆಗೆದು ಮೊಮ್ಮಗಳಿಗೆ ಚಿತ್ರ ಬರೆಯಲು ಕೊಟ್ಟಿದ್ದೇವೆ.