ಕೆರೆಬಿಯನ್ನೋ, ನೇತ್ರಾಣಿಯೋ?

ನನ್ನ ಮೊಮ್ಮಗನಿಗೆ 14 ವರ್ಷ. ಬೆಂಗಳೂರಿನಲ್ಲಿ ಒಂಬತ್ತನೇ ತರಗತಿ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಆಮೇಲೆ ಯಾವ ಊರೋ, ಯಾವ ಹಾಸ್ಟೆಲೋ. ಅಷ್ಟರೊಳಗೆ ಅವನೊಬ್ಬನ ಜೊತೆ ಏನಾದರೂ ಒಂದು ಮಾಡಬೇಕು ಎಂದು ನನ್ನ ಮಗಳಿಗೆ ಆಸೆ. ಈಗೀಗ ಅವರಿಬ್ಬರ ನಡುವೆ ಮಾತೆಂದರೆ "ಊಟ ಆಯ್ತಾ", "ಹೂಂ" ಇಷ್ಟೇ. "ನೀನೇ ಹೇಳು, ಏನು ಮಾಡೋಣ?" ಎಂದು ಕೇಳಿದ್ದಕ್ಕೆ ಹುಡುಗ "ಸ್ಕೂಬಾ ಡೈವಿಂಗ್" ಎಂದನಂತೆ. ಎಲ್ಲಿ ಎಂದರೆ ಕೆರೆಬಿಯನ್ ಸಮುದ್ರದಲ್ಲಿ! ಕಡಲ್ಗಳ್ಳರ ಸಿನಿಮಾ ನೋಡಿದ್ದರ ಫಲ. ಅಳಿಯನಿಗೆ ದೋಣಿ ಕಂಡರೇ ತಲೆಸುತ್ತು, ಅವರು ಮೊದಲೇ ಕೈಮುಗಿದರು. ಮಗಳು ಕಟಪಾಡಿಗೆ ಫೋನ್ ಮಾಡಿದಳು. "ಅಪ್ಪ, ಲೆಕ್ಕ ನೋಡುವವರು ನೀವು. ಒಂದು ಜಾಗ ಆರಿಸಿಕೊಡಿ."

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ 38 ವರ್ಷ ಲೆಡ್ಜರ್ ಬರೆದವನು. ಕೆರೆಬಿಯನ್ ಎಂದರೆ ನನಗೆ ಗೊತ್ತಿದ್ದುದು ಕ್ರಿಕೆಟ್. 1971ರಲ್ಲಿ ಉಡುಪಿಯಲ್ಲಿ ಬಿ.ಕಾಂ. ಓದುತ್ತಿದ್ದಾಗ ಗಾವಸ್ಕರ್ ವೆಸ್ಟ್ ಇಂಡೀಸಿಗೆ ಹೋಗಿ ಒಂದೇ ಸರಣಿಯಲ್ಲಿ 774 ರನ್ ಹೊಡೆದರು. ಟ್ರಿನಿಡಾಡ್, ಬಾರ್ಬಡೋಸ್, ಜಮೈಕಾ ಎಂಬ ಹೆಸರುಗಳನ್ನು ನಾವು ಪೇಪರ್ ನೋಡಿ ಬಾಯಿಪಾಠ ಮಾಡಿದ್ದೆವು. ಆ ದ್ವೀಪಗಳ ಸುತ್ತ ಸಮುದ್ರವೂ ಇದೆ, ಅದರಡಿ ಜನ ಇಳಿಯುತ್ತಾರೆ ಎಂದು ಆಗ ಯಾರು ಯೋಚಿಸಿದ್ದರು!

ಹಳೆಯ ಡೈರಿಯ ಖಾಲಿ ಪುಟದಲ್ಲಿ ಗೆರೆ ಎಳೆದು ಬರೆಯತೊಡಗಿದೆ. ಹುಡುಗನಿಗೆ ಅನ್ಯಾಯವಾಗಬಾರದೆಂದು ಕೆರೆಬಿಯನ್ನನ್ನೇ ಮೊದಲು ಬರೆದೆ. ಅಲ್ಲಿ ಬೊನೇರ್ ಎಂಬ ಪುಟ್ಟ ದ್ವೀಪವಿದೆ, ನೆದರ್ಲೆಂಡ್ಸ್ ದೇಶಕ್ಕೆ ಸೇರಿದ್ದು. 1979ರಿಂದಲೇ ಅದರ ಸುತ್ತಲಿನ ಕಡಲು ಸಂರಕ್ಷಿತ. ಅಲ್ಲಿ ದೋಣಿಯೂ ಬೇಡ. ರಸ್ತೆ ಬದಿಯಲ್ಲಿ ಹಳದಿ ಬಣ್ಣ ಬಳಿದ ಕಲ್ಲು ಕಂಡಲ್ಲಿ ವಾಹನ ನಿಲ್ಲಿಸಿ, ದಡದಿಂದಲೇ ನಡೆದು ನೀರಿಗಿಳಿಯಬಹುದು. ಜೂನ್‌ನಿಂದ ನವೆಂಬರ್‌ವರೆಗೆ ಕೆರೆಬಿಯನ್‌ನಲ್ಲಿ ಚಂಡಮಾರುತದ ಕಾಲ. ಬೊನೇರ್ ತೀರಾ ದಕ್ಷಿಣದಲ್ಲಿರುವುದರಿಂದ ಅದರ ಹೊಡೆತ ಅಲ್ಲಿಗೆ ಅಪರೂಪ. ತಾಯಿ ಮಗನಿಗೆ ಹೇಳಿ ಮಾಡಿಸಿದ ಜಾಗ. ಆದರೆ ನಾಲ್ಕು ದಿನದ ಮುಳುಗಿಗೆ ಭೂಮಿಯ ಅರ್ಧ ಸುತ್ತು ಹೋಗಿ ಬರಬೇಕು, ವೀಸಾ ಬೇರೆ. ಟಿಕೆಟ್ ದರ ಬರೆಯುವಾಗ ನನ್ನ ಪೆನ್ನೇ ನಿಂತಿತು.

ಇನ್ನು ನಮ್ಮ ದೇಶದ್ದು. ಅಂಡಮಾನಿನ ಹ್ಯಾವ್‌ಲಾಕ್, ಈಗ ಅದರ ಹೆಸರು ಸ್ವರಾಜ್ ದ್ವೀಪ, ನೀರು ಬಹಳ ತಿಳಿಯಂತೆ. ಲಕ್ಷದ್ವೀಪ ನಮಗೆ ಹತ್ತಿರದ್ದೇ, ಆದರೆ ಕಾಲಿಡಲು ಪರವಾನಗಿ ಬೇಕು. ಮಾಲ್ವಣದಲ್ಲಿ ಶಿವಾಜಿ ಕಟ್ಟಿಸಿದ ಸಿಂಧುದುರ್ಗದ ಪಕ್ಕದಲ್ಲೇ ಮುಳುಗಿಸುತ್ತಾರೆ. ಕೊನೆಗೆ ಬರೆದದ್ದು ನೇತ್ರಾಣಿ, ನಮ್ಮ ಉತ್ತರ ಕನ್ನಡದ್ದು. ಮುರುಡೇಶ್ವರದಿಂದ ಕಡಲಿನಲ್ಲಿ ಸುಮಾರು 19 ಕಿಲೋಮೀಟರ್. ಮೇಲಿನಿಂದ ನೋಡಿದರೆ ಹೃದಯದ ಆಕಾರ. ನೌಕಾಪಡೆಯವರು ಗುಂಡು ಹೊಡೆಯುವ ಅಭ್ಯಾಸ ಮಾಡುತ್ತಿದ್ದುದೂ ಈ ದ್ವೀಪಕ್ಕೇ. ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ' ಚಿತ್ರದಲ್ಲಿ ಅವರು ನೀರಿಗಿಳಿದದ್ದು ಇಲ್ಲೇ. ಇದನ್ನು ಹೇಳಿದ ಮೇಲೆ ಫೋನಿನ ಆ ಕಡೆ ಕೆರೆಬಿಯನ್ ಸ್ವಲ್ಪ ಸಡಿಲವಾಯಿತು.

"ಅಜ್ಜ, ನಿಮ್ಮ ಮಟ್ಟು ಬೀಚಲ್ಲೇ ಯಾಕೆ ಮುಳುಗಬಾರದು?" ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ನಮ್ಮಲ್ಲಿ ಪಾಂಗಾಳ ಹೊಳೆ, ಉದ್ಯಾವರ ಹೊಳೆ ಘಟ್ಟದ ಕಡೆಯ ಮಣ್ಣನ್ನೆಲ್ಲ ತಂದು ಕಡಲಿಗೆ ಸುರಿಯುತ್ತವೆ. ಅಡಿಯಲ್ಲಿ ಮರಳು, ಮೇಲೆ ತೆರೆ. ಮುಳುಗಿದರೆ ಕಾಣುವುದು ಕಷಾಯ ಮಾತ್ರ. ನೇತ್ರಾಣಿ ದಡದಿಂದ ದೂರ, ಸುತ್ತ ಬಂಡೆ. ಹಾಗಾಗಿ ನೀರು ತಿಳಿ, ಬಂಡೆಯ ಸಂದಿಯಲ್ಲಿ ಮೀನುಗಳು. ಬೊನೇರಿನ ಗುಟ್ಟೂ ಇದೇ. ಅಲ್ಲಿ ಮಳೆ ಕಡಿಮೆ, ಮಣ್ಣು ತರುವ ಹೊಳೆಗಳಿಲ್ಲ.

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಆಟವೆಲ್ಲ ಬಂದ್. ಡಿಸೆಂಬರ್ ರಜೆ ಎಂದು ಗೊತ್ತುಮಾಡಿದೆವು. ನಾನು ಎರಡು ಮೂರು ಕಡೆ ಫೋನ್ ಮಾಡಿ ಕೇಳಿದೆ. ಒಬ್ಬ ತರಬೇತುದಾರರಿಗೆ ಎಷ್ಟು ಜನ? ದೋಣಿಯಲ್ಲಿ ಆಮ್ಲಜನಕ ಇದೆಯಾ? ಆರೋಗ್ಯದ ಫಾರ್ಮು ತುಂಬಿಸುತ್ತೀರಾ? ಒಬ್ಬರು "ಫಾರ್ಮು ಗೀರ್ಮು ಏನೂ ಬೇಡ ಸಾರ್, ಬಂದುಬಿಡಿ" ಎಂದರು. ಅವರ ಹೆಸರಿನ ಮೇಲೆ ಕೆಂಪು ಗೆರೆ ಎಳೆದೆ. ಇನ್ನೊಬ್ಬರು ಫಾರ್ಮು ಕಳಿಸಿದರು. ಕಷ್ಟ ಶುರುವಾದದ್ದು ಅಲ್ಲಿಂದ.

ಅದರಲ್ಲಿ ಒಂದು ಪ್ರಶ್ನೆ: ಆಸ್ತಮಾ ಇದೆಯೇ, ಇತ್ತೇ? ನಮ್ಮ ಹುಡುಗನಿಗೆ ಚಿಕ್ಕವನಿದ್ದಾಗ ಉಬ್ಬಸವಿತ್ತು. ಏಳು ವರ್ಷದವರೆಗೂ ಇನ್‌ಹೇಲರ್ ಹಿಡಿದುಕೊಂಡೇ ಶಾಲೆಗೆ ಹೋಗುತ್ತಿದ್ದ. ಆಮೇಲೆ ಬಂದಿಲ್ಲ. "ಏಳು ವರ್ಷದ ಹಿಂದಿನ ಮಾತು ಅಪ್ಪ, ಇಲ್ಲ ಅಂತ ಬರೆದರಾಯಿತು. ಹೌದು ಅಂದರೆ ಬೇಡ ಅಂತಾರೆ. ಅವನ ಮುಖ ನೋಡಲಿಕ್ಕೆ ನನ್ನಿಂದ ಆಗುವುದಿಲ್ಲ" ಎಂದಳು ಮಗಳು. ಅವಳ ಸಂಕಟ ನನಗೆ ಅರ್ಥವಾಗುತ್ತಿತ್ತು. ಆದರೆ ಸಹಿ ಎಂದರೆ ಏನೆಂದು ಜೀವಮಾನವಿಡೀ ಕೌಂಟರಿನ ಹಿಂದೆ ಕೂತು ನೋಡಿದವನು ನಾನು. ಇಲ್ಲ ಎಂದು ಬರೆಯಲು ಒಪ್ಪಲಿಲ್ಲ.

ಮಕ್ಕಳೇ, ಆ ಪ್ರಶ್ನೆ ಯಾಕೆ ಕೇಳುತ್ತಾರೆ ಗೊತ್ತೇ? ಬೆನ್ನಿಗೆ ಕಟ್ಟುವ ಸಿಲಿಂಡರಿನಲ್ಲಿ ಇರುವುದು ಆಮ್ಲಜನಕ ಅಂತ ಹೆಚ್ಚಿನವರು ತಿಳಿದಿದ್ದಾರೆ. ಅಲ್ಲ, ಅದು ನಾವು ಉಸಿರಾಡುವ ಗಾಳಿಯೇ, ಸುಮಾರು 200 ಪಟ್ಟು ಒತ್ತಿ ತುಂಬಿಸಿದ್ದು. ನೀರಿನಲ್ಲಿ 10 ಮೀಟರ್ ಕೆಳಗೆ ಹೋದರೆ ಒತ್ತಡ ಎರಡು ಪಟ್ಟಾಗುತ್ತದೆ. ಮೇಲಿನಿಂದ ಒಂದು ಬಲೂನು ಊದಿ ಕೊಂಡೊಯ್ದರೆ ಅಲ್ಲಿ ಅದು ಅರ್ಧಕ್ಕಿಳಿಯುತ್ತದೆ. ಆ ಆಳದಲ್ಲೇ ತುಂಬಿದ ಬಲೂನನ್ನು ಮೇಲೆ ತಂದರೆ ಎರಡರಷ್ಟಾಗುತ್ತದೆ, ಒಡೆಯಲೂಬಹುದು. ನಮ್ಮ ಶ್ವಾಸಕೋಶವೂ ಹಾಗೆಯೇ. ಅದಕ್ಕೇ ನೀರಿನಡಿಯಲ್ಲಿ ಉಸಿರು ಬಿಗಿಹಿಡಿಯಲೇಬಾರದು ಎಂಬುದು ಮೊದಲ ಪಾಠ. ಉಬ್ಬಸದವರಿಗೆ ಸಣ್ಣ ಸಣ್ಣ ಕೊಳವೆಗಳು ಬಿಗಿದು ಗಾಳಿ ಒಳಗೇ ಸಿಕ್ಕಿಕೊಂಡರೆ, ಮೇಲೆ ಬರುವಾಗ ಅಪಾಯ.

ದಸರಾ ರಜೆಗೆ ಬಂದಾಗ ಮಣಿಪಾಲದ ಒಬ್ಬ ಶ್ವಾಸಕೋಶ ತಜ್ಞರ ಹತ್ತಿರ ಕರೆದುಕೊಂಡು ಹೋದೆವು. ಹುಡುಗ ದಾರಿಯುದ್ದಕ್ಕೂ ಮಾತಾಡಲಿಲ್ಲ. ವೈದ್ಯರು ಕೊಳವೆಗೆ ಊದಿಸಿದರು. ಆಮೇಲೆ ಚೆನ್ನಾಗಿ ಓಡಿಸಿ ಮತ್ತೆ ಊದಿಸಿದರು. ಎರಡು ಗ್ರಾಫುಗಳನ್ನು ಪಕ್ಕಪಕ್ಕ ಇಟ್ಟು ಎಷ್ಟೋ ಹೊತ್ತು ನೋಡಿದರು. ಇನ್‌ಸ್ಪೆಕ್ಷನ್‌ಗೆ ಬಂದ ಅಧಿಕಾರಿ ಕೂಡ ನನ್ನ ಲೆಡ್ಜರನ್ನು ಅಷ್ಟು ಹೊತ್ತು ನೋಡಿದ್ದಿಲ್ಲ. ಕೊನೆಗೆ "ತೊಂದರೆ ಇಲ್ಲ, ಹೋಗಲಿ. ಆದರೆ ಆ ದಿನ ನೆಗಡಿ, ಕೆಮ್ಮು ಇದ್ದರೆ ಇಳಿಯಕೂಡದು" ಎಂದು ಸಹಿ ಹಾಕಿದರು. ಮಗಳು ಕಣ್ಣೊರೆಸಿಕೊಂಡಳು. ಹುಡುಗ ಆಗಲೂ ಮಾತಾಡಲಿಲ್ಲ. ಮೆಟ್ಟಿಲಿಳಿಯುವಾಗ ಅಮ್ಮನ ಚೀಲ ತಾನೇ ಹೊತ್ತುಕೊಂಡ.

ಡಿಸೆಂಬರಿನಲ್ಲಿ ಮೂವರೂ ಮುರುಡೇಶ್ವರಕ್ಕೆ ಹೋದೆವು. 123 ಅಡಿಯ ಶಿವನನ್ನು ಹಿಂದೆ ಬಿಟ್ಟು ದೋಣಿ ಹೊರಟಿತು. ನಾನು ಪ್ರೇಕ್ಷಕ. ಮೊದಲ ಸಲದವರನ್ನು 12 ಮೀಟರಿಗಿಂತ ಕೆಳಗೆ ಒಯ್ಯುವುದಿಲ್ಲ, ಒಬ್ಬೊಬ್ಬರಿಗೆ ಒಬ್ಬೊಬ್ಬ ತರಬೇತುದಾರ. ಕೈಸನ್ನೆ ಕಲಿಸಿದರು. ಹೆಬ್ಬೆರಳು ಮೇಲೆತ್ತಿದರೆ ಚೆನ್ನಾಗಿದೆ ಅಂತ ಅಲ್ಲ, ಮೇಲೆ ಹೋಗೋಣ ಅಂತ! ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಿದರೆ ಸರಿ ಇದ್ದೇನೆ ಎಂದರ್ಥ.

ಇಬ್ಬರೂ ಮುಳುಗಿದರು. ನೀರಿನ ಮೇಲೆ ಎರಡು ಕಡೆ ಗುಳ್ಳೆಗಳು. ಐದು ನಿಮಿಷವೂ ಆಗಿರಲಿಲ್ಲ, ಮಗಳ ತಲೆ ಮೇಲೆ ಬಂತು. ನನ್ನ ಎದೆ ಧಸಕ್ಕೆಂದಿತು. ಕಿವಿ ನೋವಂತೆ. ಮೂಗು ಹಿಡಿದು ಮೆಲ್ಲಗೆ ಊದಿ ಕಿವಿಯ ಒತ್ತಡ ಸರಿಮಾಡಿಕೊಳ್ಳಬೇಕು, ಅದು ಅವಳಿಗೆ ಸರಿಯಾಗಿ ಬಂದಿರಲಿಲ್ಲ. ತರಬೇತುದಾರ ಅವಸರ ಮಾಡದೆ ಇನ್ನೊಮ್ಮೆ ಹೇಳಿಕೊಟ್ಟ. ಅವಳು ಹಗ್ಗ ಹಿಡಿದು ಗೇಣು ಗೇಣಾಗಿ ಮತ್ತೆ ಇಳಿದಳು. ಇನ್ನೊಂದು ಕಡೆಯ ಗುಳ್ಳೆಗಳು ಅಷ್ಟು ಹೊತ್ತೂ ಇದ್ದ ಜಾಗದಲ್ಲೇ ಇದ್ದವು.

ಯಾಕೆಂದು ತಿಳಿದದ್ದು ಆಮೇಲೆ. ಹುಡುಗ ಕೆಳಗೆ ಹೋಗಲು ಒಪ್ಪಲೇ ಇಲ್ಲವಂತೆ. ಅದೇ ಹಗ್ಗ ಹಿಡಿದು ಮೇಲೆ ನೋಡುತ್ತಾ ನಿಂತಿದ್ದ. ಅಮ್ಮ ಇಳಿದು ಬರುವವರೆಗೂ ಸೊನ್ನೆಯ ಸನ್ನೆ ಮಾಡುತ್ತಲೇ ಇದ್ದನಂತೆ. "ಹತ್ತು ಸಲ ಕೇಳಿದ ಅಪ್ಪ, ಸರಿಯಾ, ಸರಿಯಾ ಅಂತ" ಎಂದಳು. "ಹತ್ತಲ್ಲ, ನಾಲ್ಕು" ಎಂದ ಅವನು. ಕಟಪಾಡಿಯವರೆಗೂ ಕಾರಿನಲ್ಲಿ ಗಿಳಿಮೀನು, ಚಿಟ್ಟೆಮೀನು, ಒಂದು ಆಮೆ. ಆಮೆ ಎಷ್ಟು ದೊಡ್ಡದು ಎಂಬುದಕ್ಕೆ ತಾಯಿ ಮಗ ಬೈಂದೂರಿನಿಂದ ಕುಂದಾಪುರದವರೆಗೆ ಜಗಳವಾಡಿದರು. ನಾನು ನಡುವೆ ಬಾಯಿ ಹಾಕಲಿಲ್ಲ.

ಅಂದು ರಾತ್ರಿಯೇ ಬೆಂಗಳೂರಿನ ಬಸ್ಸು ಹಿಡಿಯುವ ಯೋಚನೆ ಅವರದ್ದಿತ್ತು. ಆದರೆ ಮುಳುಗಿ ಬಂದವರು ಕಡಿಮೆಯೆಂದರೆ 12 ಗಂಟೆ ವಿಮಾನ ಹತ್ತಬಾರದು. ರಕ್ತದಲ್ಲಿ ಸೇರಿದ ಸಾರಜನಕ ನಿಧಾನವಾಗಿ ಹೊರಹೋಗಬೇಕು. ಘಟ್ಟ ಹತ್ತುವುದೂ ಎತ್ತರಕ್ಕೆ ಹೋದ ಹಾಗೆಯೇ, ಬೆಂಗಳೂರಂತೂ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಹೀಗಾಗಿ ಒಂದು ರಾತ್ರಿ ಹೆಚ್ಚಿಗೆ ನಿಂತರು. ಈ ನಿಯಮ ಮಾಡಿದವರಿಗೆ ನನ್ನ ನಮಸ್ಕಾರ. ಮಟ್ಟುಗುಳ್ಳದ ಹುಳಿ ಮಾಡಿಸಿದೆ. ಊಟವಾದ ಮೇಲೆ ಹುಡುಗ ನನ್ನ ಡೈರಿ ಕೇಳಿ ತೆಗೆದುಕೊಂಡ. ಬೊನೇರ್ ಎಂದು ಬರೆದ ಸಾಲಿನ ಮುಂದೆ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಕೆಳಗೆ "ಅಮ್ಮನಿಗೆ ಕಿವಿ ಅಭ್ಯಾಸ ಮಾಡಿಸಬೇಕು" ಎಂದು ಬರೆದಿಟ್ಟಿದ್ದಾನೆ.